ಹಳೆಯ ಬರವಣಿಗೆ ಪೆಟ್ಟಿಗೆ ಮನೆಯಲ್ಲೇ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಳಿಜಾರು ಮುಚ್ಚಳ, ಒಳಗೆ ದೌತಿಯ (ಮಸಿಕುಡಿಕೆಯ) ಗೂಡು, ಟಾಕು (ಮಸಿಯಲ್ಲಿ ಅದ್ದಿ ಬರೆಯುವ ಲೇಖನಿ) ಇಡುವ ಉದ್ದನೆಯ ಕೊರಕಲು, ತಳದಲ್ಲಿ ಕಾಗದಪತ್ರದ ಖಾನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹಳೆಯ ವಾಡೆಗಳಲ್ಲಿ, ಅಡತಿ ಅಂಗಡಿಗಳಲ್ಲಿ ಇಂಥ ಪೆಟ್ಟಿಗೆ ಈಗಲೂ ಸಿಗುತ್ತವೆ. ಈ ಸೀಮೆ ಆಗ ಸೇರಿದ್ದ ಮುಂಬಯಿ ಸರ್ಕಾರದ 1950ರ ಕಾಯಿದೆಯಿಂದ ಕುಲಕರ್ಣಿ ವತನ (ಊರ ಲೆಕ್ಕಪತ್ರ ಬರೆಯುವ ವಂಶಪಾರಂಪರ್ಯದ ಹುದ್ದೆ) ಹೋದ ಮೇಲೆ ಇಂಥವಕ್ಕೆ ಕೆಲಸವೂ ಹೋಯಿತು. ಅಟ್ಟದ ಮೇಲೆ ಜೋಳದ ಚೀಲದ ಹಿಂದೆ ಬಿದ್ದದ್ದೇ ಹೆಚ್ಚು. ಕೆಳಗಿನವು ಅಂಥ ಪೆಟ್ಟಿಗೆ ಇಳಿಸಿಕೊಂಡವರು ಕೇಳುವ ಪ್ರಶ್ನೆಗಳು.

ಪೆಟಿಗಿ ಪೂರಾ ಹಾಳಾಗೇತ್ರಿ. ಇದು ರಿಪೇರಿ ಆಗೋದೋ, ಒಲಿಗೆ ಹಾಕೋದೋ?

ನೋಟಕ್ಕೆ ಹೆದರಬೇಡಿ. ಮೂಲೆ ಬಿಚ್ಚಿರುವುದು, ಮುಚ್ಚಳ ಕಿತ್ತಿರುವುದು, ಬಣ್ಣ ಕಪ್ಪಗಾಗಿರುವುದು ಇವೆಲ್ಲ ಸುಲಭದ ರೋಗ. ಹಳೆಯ ಸರೇಸು (ಎಲುಬು-ತೊಗಲಿನಿಂದ ಮಾಡಿದ ಅಂಟು) ಒಣಗಿ ಪುಡಿಯಾದಾಗ ಮೂಲೆ ತಾನೇ ಬಿಚ್ಚಿಕೊಳ್ಳುತ್ತದೆ, ಕಟ್ಟಿಗೆ ಮುರಿಯುವುದಿಲ್ಲ. ದಪ್ಪ ಸೂಜಿಯೊಂದನ್ನು ಹಿಡಿದು ಹಲಗೆಯ ಒಳಮೈಯನ್ನು ಅಲ್ಲಲ್ಲಿ ಒತ್ತಿ ನೋಡಿ. ಸೂಜಿ ಸಲೀಸಾಗಿ 3–4 ಮಿ.ಮೀ. ಇಳಿದರೆ ಅಲ್ಲಿ ಹುಳು ತಿಂದಿದೆ. ಒಂದು ಹಲಗೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೀಗಿದ್ದರೆ ಆ ಹಲಗೆಯೊಂದನ್ನು ಬದಲಿಸಬೇಕು, ಪೆಟ್ಟಿಗೆಯನ್ನಲ್ಲ.

ನಿಜವಾಗಿ ಕಷ್ಟ ಕೊಡುವುದು ಹಳೆಯ ರಿಪೇರಿ: ಯಾರೋ ಮೂಲೆಗೆ ಹೊಡೆದ ಎರಡು ಇಂಚಿನ ಮೊಳೆ, ಮೇಲೆ ಸುರಿದ ಫೆವಿಕಾಲ್, ಅದರ ಮೇಲೆ ಬಳಿದ ಎನಾಮಲ್ ಬಣ್ಣ. ನೂರು ವರ್ಷದ ಸವಕಳಿಯನ್ನು ಸರಿಪಡಿಸುವುದಕ್ಕಿಂತ ಒಂದು ಮಧ್ಯಾಹ್ನದ ಅವಸರವನ್ನು ಬಿಡಿಸುವುದಕ್ಕೆ ಹೆಚ್ಚು ದಿನ ಬೇಕು.

ಮೊದಲ ಏನ್ ಮಾಡಬೇಕ್ರಿ?

ಫೋಟೋ. ಆರೂ ಬದಿ, ಒಳಗಿನ ಪ್ರತಿ ಖಾನೆ, ಪ್ರತಿ ಬಿಜಾಗರಿ. ಆಮೇಲೆ ಒಂದು ರಟ್ಟಿನ ಮೇಲೆ ಪೆಟ್ಟಿಗೆಯ ನಕ್ಷೆ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಕೈಯಿಂದ ಮಾಡಿದ ಹಳೆಯ ಸ್ಕ್ರೂಗಳು ಒಂದರಂತೆ ಒಂದಿಲ್ಲ. ಅದಲುಬದಲಾದರೆ ಅರ್ಧ ಬಿಗಿ, ಅರ್ಧ ಸಡಿಲ. ಉದುರಿದ ಚೂರುಗಳನ್ನು, ಕಸದಂತೆ ಕಂಡರೂ ಸರಿ, ಒಂದು ಡಬ್ಬಿಯಲ್ಲಿ ಕೂಡಿಡಿ. ಗುಡಿಸಿ ಚೆಲ್ಲಿದ ಆ ಸಿಬಿರೇ ಕೊನೆಗೆ ಮುಚ್ಚಳದ ಅಂಚಿಗೆ ಬೇಕಾಗುವುದು.

ಪಾಲಿಶ್ ಪೇಪರನ್ನು ಮಾತ್ರ ಈಗಲೇ ಕೈಗೆ ತೆಗೆದುಕೊಳ್ಳಬೇಡಿ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಹಳೆಯ ಕಟ್ಟಿಗೆಯ ಬಣ್ಣ ಇರುವುದೇ ಮೇಲಿನ ತೆಳು ಪದರದಲ್ಲಿ. ಅದನ್ನು ಉಜ್ಜಿದರೆ ಹೊಸ ಸಾಗವಾನಿ ಸ್ಟೂಲಿಗೂ ಇದಕ್ಕೂ ಫರಕು ಉಳಿಯುವುದಿಲ್ಲ.

ಹೊಳಿ ನೀರು ಹೊಕ್ಕು ನೆಂದೈತ್ರಿ. ಬಿಸಲಾಗ ಒಣಗಿಸಲೇನು?

ಬೇಡ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ದಂಡೆಯ ಊರುಗಳಲ್ಲಿ ನೆಂದ ಸಾಮಾನುಗಳನ್ನೆಲ್ಲ ಬಿಸಿಲಿಗೆ ಹರವಲಾಯಿತು. ಪಾತ್ರೆಗೆ, ಹಾಸಿಗೆಗೆ ಅದು ಸರಿ. ಕಟ್ಟಿಗೆಯ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಉಬ್ಬಿಯೇ ಇರುತ್ತದೆ. ಆ ಜಗ್ಗಾಟದಲ್ಲಿ ಹಲಗೆ ಸೀಳುತ್ತದೆ, ಇಲ್ಲವೇ ದೋಣಿಯಂತೆ ಬಾಗುತ್ತದೆ.

ಮೊದಲು ಕೆಸರು. ನಮ್ಮ ಕಡೆಯ ಎರೆಮಣ್ಣು ನೆಂದಾಗ ಉಬ್ಬಿ, ಒಣಗಿದಾಗ ಕಲ್ಲಾಗುತ್ತದೆ. ಮೂಲೆಯ ಸಂದಿಯಲ್ಲಿ ಒಣಗಿತೆಂದರೆ ಬೆಣೆ ಹೊಡೆದಂತೆಯೇ. ಆದ್ದರಿಂದ ಹಸಿಯಿರುವಾಗಲೇ ಸ್ಪಂಜು ಮತ್ತು ಶುದ್ಧ ನೀರಿನಿಂದ ಒರೆಸಿ ತೆಗೆಯಿರಿ, ಉಜ್ಜಬೇಡಿ. ನಂತರ ಗಾಳಿಯಾಡುವ ಪಡಸಾಲೆಯಲ್ಲಿ, ನೆಲದಿಂದ ನಾಲ್ಕು ಇಂಚು ಮೇಲೆ, ಎರಡು ಕೋಲಿನ ಮೇಲಿಡಿ. ಮುಚ್ಚಳ, ಡ್ರಾ ಎಲ್ಲ ತೆರೆದಿರಲಿ. ಮೊದಲ ವಾರ ಮೇಲೊಂದು ತೆಳು ಧೋತರ ಹೊದಿಸಿದರೆ ಒಣಗುವ ವೇಗ ಇಳಿಯುತ್ತದೆ. ಫ್ಯಾನಿನ ಗಾಳಿ ನೇರ ಬೀಳಬಾರದು. ಅಡಿಗೆ ಮನೆಯ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ಹತ್ತು ದಿನ ತೂಕ ಒಂದೇ ನಿಂತರೆ ಒಣಗಿದೆ ಎಂದು ಅರ್ಥ. ಮೂರರಿಂದ ಆರು ವಾರ ಹಿಡಿಯುತ್ತದೆ. ಬೆಳಗಾವಿಯ ಶ್ರಾವಣದಲ್ಲಿ ಇನ್ನೂ ಹೆಚ್ಚು.

ಬೂಸು ಬಂದಿದ್ದರೆ ಪೂರ್ತಿ ಒಣಗಿದ ಮೇಲೆ ಅಂಗಳದಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ.

ಪುಡಿ ಉದುರತೈತಿ, ಸಣ್ಣ ಸಣ್ಣ ತೂತ ಅದಾವು. ಇದು ಒರಲಿ ಏನ್ರಿ?

ದುಂಡನೆಯ 1–2 ಮಿ.ಮೀ. ತೂತು, ಕೆಳಗೆ ಗೋಧಿ ಹಿಟ್ಟಿನಂಥ ಪುಡಿ: ಇದು ಕಟ್ಟಿಗೆ ಕೊರೆಯುವ ಹುಳು. ಒರಲಿಯಾದರೆ (ಗೆದ್ದಲು) ಮಣ್ಣಿನ ಗೆರೆ ಇರುತ್ತದೆ, ಒಳಗೆ ಕಟ್ಟಿಗೆ ಪದರ ಪದರವಾಗಿ ಟೊಳ್ಳಾಗಿರುತ್ತದೆ. ಒರಲಿ ನೆಲದಿಂದಲೋ ಗೋಡೆಯಿಂದಲೋ ಬರುತ್ತದೆ. ಪೆಟ್ಟಿಗೆಯನ್ನು ಅಲ್ಲಿಂದ ಎತ್ತಿದರೆ ಅರ್ಧ ಕೆಲಸ ಆಯಿತು. ಕೊರೆಹುಳು ಹಾಗಲ್ಲ, ಅದು ಪೆಟ್ಟಿಗೆಯ ಜೊತೆಗೇ ಬರುತ್ತದೆ.

ಹುಳು ಜೀವಂತವಿದೆಯೋ ಇಲ್ಲವೋ ತಿಳಿಯಲು ಪುಡಿ ಝಾಡಿಸಿ, ಕರಿ ಕಾಗದದ ಮೇಲೆ ಪೆಟ್ಟಿಗೆಯನ್ನು ಅಲ್ಲಾಡಿಸದೆ ಎರಡು ವಾರ ಇಡಿ. ಹೊಸ ಪುಡಿ ಬಿದ್ದರೆ ಇದೆ. ಸಣ್ಣ ಪೆಟ್ಟಿಗೆಯಾದರೆ ಡೀಪ್ ಫ್ರೀಜರ್ ಒಳ್ಳೆಯ ಮದ್ದು. ಪೂರ್ತಿ ಒಣಗಿದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ, ಟೇಪ್ ಹಚ್ಚಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಟ್ಟಿಗೆಯ ಮೇಲೆ ನೀರು ಬೆವರುತ್ತದೆ. ಗಾಜಿನ ದೌತಿಗಳನ್ನು ಮೊದಲೇ ತೆಗೆದಿಡಿ.

ಫ್ರೀಜರಿನಲ್ಲಿ ಹಿಡಿಸದಿದ್ದರೆ, ಪಾಲಿಶ್ ಇಲ್ಲದ ಒಳಮೈಗೆ ಬೋರಿಕ್ ಪುಡಿ ಮತ್ತು ಬೋರಾಕ್ಸ್ ದ್ರಾವಣ: 1 ಲೀಟರ್ ಬಿಸಿ ನೀರಿಗೆ 20 ಗ್ರಾಂ ಬೋರಿಕ್, 30 ಗ್ರಾಂ ಬೋರಾಕ್ಸ್. ಬ್ರಷ್ಷಿನಿಂದ ಎರಡು ಸಲ, ನಡುವೆ ಎರಡು ದಿನ ಬಿಟ್ಟು. ಕೈಗವಸು ಇರಲಿ, ಮಕ್ಕಳಿಗೆ ಸಿಗದಿರಲಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಕರಿ ಚೀಲದಲ್ಲಿ ಕಟ್ಟಿಟ್ಟು ಹುಳು ಸಾಯಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಹುಳುವೇನೋ ಸತ್ತೀತು, ಜೊತೆಗೆ ಅರಗಿನ ಪಾಲಿಶ್ ಮೆತ್ತಗಾಗಿ ಚೀಲಕ್ಕೆ ಅಂಟಿ ಬರುತ್ತದೆ.

ಸಾಗವಾನಿ ಐತೋ ಸೀಸಂ ಐತೋ ಹೆಂಗ ತಿಳೀಬೇಕ್ರಿ?

ಕಾಣದ ಒಳಮೂಲೆಯಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆಯಿರಿ. ಬಂಗಾರ ಕಂದು ಬಣ್ಣ, ಎಣ್ಣೆಯ ಜಿಡ್ಡು, ತೊಗಲಿನಂಥ ವಾಸನೆ ಬಂದರೆ ಸಾಗವಾನಿ. ನೇರಳೆಗಪ್ಪು ಗೆರೆ ಇದ್ದು, ಸ್ಪಿರಿಟ್ (ಬಡಿಗರು ಪಾಲಿಶ್ಶಿಗೆ ಬಳಸುವ ಮೆಥಿಲೇಟೆಡ್ ಸ್ಪಿರಿಟ್) ಹಚ್ಚಿದ ಹತ್ತಿಗೆ ನೇರಳೆ ಬಣ್ಣ ಹತ್ತಿದರೆ ಬೀಟೆ. ನಮ್ಮಲ್ಲಿ ಹಲವರು ಇದನ್ನೇ ಸೀಸಂ ಎನ್ನುತ್ತಾರೆ. ತೇಪೆಗೆ ಅದೇ ಜಾತಿಯ ಹಳೆಯ ಕಟ್ಟಿಗೆಯೇ ಬೇಕು: ಮುರಿದ ಮಂಚದ ಕಾಲು, ಕೆಡವಿದ ವಾಡೆಯ ಕಿಟಕಿ ಚೌಕಟ್ಟು. ಬೀಟೆಯ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ, ಮಾಸ್ಕ್ ಮರೆಯಬೇಡಿ.

ಬಿಚ್ಚಿದ ಮೂಲಿಗೆ ಫೆವಿಕಾಲ್ ಹಚ್ಚಿದರ ಆತಲ್ರಿ?

ಗಟ್ಟಿಯಾಗಿಯೇ ಹಿಡಿಯುತ್ತದೆ. ತೊಂದರೆ ಇರುವುದು ಮುಂದೆ. ಫೆವಿಕಾಲ್ ಕುಡಿದ ಕಟ್ಟಿಗೆಗೆ ಎರಡನೇ ಸಲ ಯಾವ ಅಂಟೂ ಸರಿಯಾಗಿ ಹತ್ತುವುದಿಲ್ಲ, ಬಿಚ್ಚಬೇಕೆಂದರೆ ಕಟ್ಟಿಗೆಯೇ ಕಿತ್ತು ಬರುತ್ತದೆ. ಸರೇಸು ಬಿಸಿ ನೀರಿಗೆ ಬಿಡುತ್ತದೆ, ಹಳೆಯ ಸರೇಸಿನ ಮೇಲೆ ಹೊಸದು ಕೂಡಿಕೊಳ್ಳುತ್ತದೆ. ಈ ಪೆಟ್ಟಿಗೆಯನ್ನು ಮತ್ತೆ ಯಾರಾದರೂ ಬಿಚ್ಚುವವರೇ. ಅವರ ಕೈ ಕಟ್ಟಬಾರದು.

ಸರೇಸು ಮಾಡುವ ರೀತಿ: 50 ಗ್ರಾಂ ಸರೇಸಿನ ಹರಳು, 90 ಮಿ.ಲೀ. ತಣ್ಣೀರು. ರಾತ್ರಿ ನೆನೆಯಿಟ್ಟರೆ ಬೆಳಿಗ್ಗೆ ಜೆಲ್ಲಿಯಂತೆ ಉಬ್ಬಿರುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ತಾಸು ಸಾಕು, ಹೆಚ್ಚು ಬಿಟ್ಟರೆ ನಾರುತ್ತದೆ. ಈಗ ಆ ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಅಂಟು 60 ಡಿಗ್ರಿ ದಾಟಬಾರದು, ಕುದಿದರೆ ಬಲ ಹೋಯಿತು. ಬ್ರಷ್ಷಿನಿಂದ ತೆಳು ಜೋನಿಬೆಲ್ಲದಂತೆ ಎಳೆ ಕಡಿಯದೆ ಇಳಿಯಬೇಕು. ಹನಿ ಹನಿಯಾಗಿ ಬಿದ್ದರೆ ನೀರು ಹೆಚ್ಚು, ಮುದ್ದೆಯಾಗಿ ಬಿದ್ದರೆ ಕಡಿಮೆ. ಚಳಿಗಾಲದ ಬೆಳಗಾವಿಯಲ್ಲಿ ಹಚ್ಚಿದ ನಿಮಿಷದೊಳಗೇ ಗಟ್ಟಿಯಾಗಿಬಿಡುತ್ತದೆ. ಆಗ 5 ಗ್ರಾಂ ಯೂರಿಯಾ ಬೆರೆಸಿ, ಗೊಬ್ಬರದ ಅಂಗಡಿಯದೇ ನಡೆಯುತ್ತದೆ. ಅಂಟು ಹೆಪ್ಪುಗಟ್ಟುವುದು ತಡವಾಗುತ್ತದೆ. ಮೂಲೆಯನ್ನೂ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳಿ.

ಹಚ್ಚುವ ಮೊದಲು ಡವ್‌ಟೇಲ್ ಹಲ್ಲುಗಳ (ಮೂಲೆಯಲ್ಲಿ ಒಂದರೊಳಗೊಂದು ಕೂಡುವಂತೆ ಕೊರೆದ ಹಲಗೆಯ ತುದಿಗಳ) ಹಳೆಯ ಅಂಟನ್ನು ಬಿಸಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಉಳಿ ಹಾಕಿ ಕೆರೆದರೆ ಹಲ್ಲು ಸವೆದು ಮೂಲೆ ಶಾಶ್ವತವಾಗಿ ಸಡಿಲ. ಹಳೆಯ ಫೆವಿಕಾಲ್ ಇದ್ದರೆ ಬಿಸಿ ಮಾಡಿದ ಬಿಳಿ ವಿನಿಗರ್‌ನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ತಾಸು ಇಟ್ಟು ಮೆತ್ತಗಾಗಿಸಿ, ಬಿದಿರ ಕಡ್ಡಿಯಿಂದ ತೆಗೆಯಿರಿ. ಪೂರ್ತಿ ಒಣಗಲು ಎರಡು ದಿನ ಬಿಡಿ. ಸಾಗವಾನಿಗೆ ಮೈಯಲ್ಲೇ ಎಣ್ಣೆಯಿರುವುದರಿಂದ ಅಂಟಿಸುವ ಹತ್ತು ನಿಮಿಷ ಮೊದಲು ಕೂಡುವ ಜಾಗವನ್ನಷ್ಟೇ ಸ್ಪಿರಿಟ್ಟಿನಿಂದ ಒರೆಸಿಕೊಳ್ಳಬೇಕು.

ಒಮ್ಮೆ ಅಂಟಿಲ್ಲದೆ ಕೂಡಿಸಿ ನೋಡಿ. ಆಮೇಲೆ ಅಂಟು ಹಚ್ಚಿ, ಹಳೆಯ ಸೈಕಲ್ ಟ್ಯೂಬನ್ನು ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ ಸುತ್ತ ಬಿಗಿಯಿರಿ, ಮೂಲೆಗೆ ರಟ್ಟು ಕೊಡಿ. ಕ್ಲಾಂಪಿಗಿಂತ ಇದೇ ಮೇಲು, ಎಲ್ಲ ಕಡೆ ಒಂದೇ ಸಮ ಹಿಡಿಯುತ್ತದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಒಂದು ಮಿಲಿಮೀಟರಿಗಿಂತ ಹೆಚ್ಚು ಫರಕು ಬಂದರೆ ಅಂಟು ಹಸಿಯಿರುವಾಗಲೇ ಒತ್ತಿ ಸರಿ ಮಾಡಿ, ಇಲ್ಲದಿದ್ದರೆ ಮುಚ್ಚಳ ಎಂದೂ ಕೂಡುವುದಿಲ್ಲ. 24 ತಾಸು ಮುಟ್ಟಬೇಡಿ.

ಸರೇಸು ಎಲುಬು-ತೊಗಲಿಂದ ಮಾಡ್ತಾರಂತ. ನಮ್ಮ ಮನ್ಯಾಗ ನಡೆಯಂಗಿಲ್ರಿ.

ನ್ಯಾಯವಾದ ಮಾತು. ಹಾಗಿದ್ದರೆ ಫೆವಿಕಾಲನ್ನೇ ಬಳಸಿ, ಆದರೆ ಹಲ್ಲುಗಳಿಗೆ ತೆಳುವಾಗಿ, ಒಳಬದಿಗಷ್ಟೇ. ಬಟ್ಟೆ, ಕಾಗದಕ್ಕೆ ಮೈದಾ ಅಂಟು ಸಾಕು. ಪಾಲಿಶ್ಶಿನ ಅರಗೂ ಕೀಟದಿಂದ ಬಂದದ್ದು ಎಂಬುದು ನೆನಪಿರಲಿ. ಅದೂ ಬೇಡವೆಂದರೆ ಅಗಸೆ ಎಣ್ಣೆಯ ದಾರಿ ಇದೆ. ಕುದಿಸಿದ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷಕ್ಕೆ ಪೂರ್ತಿ ಒರೆಸಿ, ಒಂದು ವಾರ ಬಿಟ್ಟು ಮತ್ತೊಮ್ಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಚ್ಚಿ ಹರವಿ.

ಮುಚ್ಚಳ ನಡುವ ಸೀಳೇತಿ. ಪುಟ್ಟಿ ತುಂಬಿದರ?

ಯಾವ ತಿಂಗಳಲ್ಲಿ ಎಂದು ಮೊದಲು ಕೇಳಿಕೊಳ್ಳಿ. 25 ಸೆಂ.ಮೀ. ಅಗಲದ ಸಾಗವಾನಿ ಹಲಗೆಯ ತೇವ ಶೇಕಡಾ 4–5ರಷ್ಟು ಬದಲಾದರೆ ಅಗಲ ಹೆಚ್ಚುಕಡಿಮೆ 2 ಮಿ.ಮೀ. ಬದಲಾಗುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಬಾಯಿಬಿಟ್ಟ ಸೀಳು ಮಳೆಗಾಲದಲ್ಲಿ ಅರ್ಧ ಮುಚ್ಚಿಕೊಳ್ಳಬಹುದು. ಬೇಸಿಗೆಯಲ್ಲಿ ಗಟ್ಟಿ ಪುಟ್ಟಿ ತುಂಬಿದಿರೋ, ಆಗಸ್ಟಿನಲ್ಲಿ ಹಲಗೆಗೆ ಹಿಗ್ಗಲು ಜಾಗವಿಲ್ಲದೆ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಆದ್ದರಿಂದ ದಸರಾ ಕಳೆದ ಮೇಲೆ ಈ ಕೆಲಸ ಹಿಡಿಯಿರಿ.

2 ಮಿ.ಮೀ. ಒಳಗಿನ ಸೀಳಿಗೆ ಅದೇ ಕಟ್ಟಿಗೆಯ, ಅದೇ ಎಳೆಯ ತೆಳು ಬೆಣೆ ಕೆತ್ತಿ, ಒಂದೇ ಮಗ್ಗುಲಿಗೆ ಸರೇಸು ಹಚ್ಚಿ ಇಳಿಸಿ. ಮೇಲೆ ಉಳಿದದ್ದನ್ನು ಚೂಪಾದ ಉಳಿಯಿಂದ ಸಮ ಮಾಡಿ. ಕೂದಲೆಳೆಯಂಥದ್ದಕ್ಕೆ ಬಣ್ಣ ಕಲಸಿದ ಜೇನುಮೇಣ ಸಾಕು. ಸೀಳನ್ನು ಕ್ಲಾಂಪ್ ಹಾಕಿ ಎಳೆದು ಮುಚ್ಚುವುದು ತಪ್ಪು. ಅದು ಬಂದದ್ದೇ ಹಲಗೆ ಎರಡೂ ಬದಿ ಬಿಗಿದು ಕುಗ್ಗಲು ಆಗದೆ.

ಹಿತ್ತಾಳಿ ಪಟ್ಟಿ ಹುಣಸಿಹಣ್ಣು ಹಚ್ಚಿ ತಿಕ್ಕಬಹುದೇನ್ರಿ?

ದೇವರ ಸಮೆಗೆ (ದೀಪದ ಕಂಬಕ್ಕೆ) ತಿಕ್ಕಿ, ಇದಕ್ಕೆ ಬೇಡ. ಹುಣಸೆಯ ಹುಳಿ ಹಿತ್ತಾಳೆಯ ಮೇಲ್ಮೈಯಿಂದ ಸತುವನ್ನು ಎಳೆದು ತಾಮ್ರದ ಕೆಂಪನ್ನು ಬಿಡುತ್ತದೆ, ಸಂದಿಗಿಳಿದ ರಸ ಕಟ್ಟಿಗೆಯನ್ನು ಕಪ್ಪಾಗಿಸುತ್ತದೆ. ಪಟ್ಟಿಯನ್ನು ಬಿಚ್ಚಲು ಬಂದರೆ ಬಿಚ್ಚಿ, ಸೀಮೆಸುಣ್ಣದ ನುಣುಪು ಪುಡಿ ಮತ್ತು ಸ್ಪಿರಿಟ್ ಕಲಸಿ ಹತ್ತಿಯಿಂದ ಉಜ್ಜಿ. ಕನ್ನಡಿಯಂತೆ ಹೊಳೆಯಬೇಕಾಗಿಲ್ಲ.

ಸ್ಕ್ರೂ ಜಾಮ್ ಆಗಿದ್ದರೆ ಬಿಸಿ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಅದರ ತಲೆಯ ಮೇಲೆ ಒಂದು ನಿಮಿಷ ಇಡಿ. ಆರಿದ ಮೇಲೆ ಮೊದಲು ಬಿಗಿಯುವ ಕಡೆಗೆ ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಸ್ಕ್ರೂಡ್ರೈವರಿನ ತುದಿ ಗೀರಿನಷ್ಟೇ ಅಗಲ, ಅಷ್ಟೇ ದಪ್ಪ ಇರಬೇಕು. ಹಿತ್ತಾಳೆ ಸ್ಕ್ರೂ ಮರಳಿ ಹಾಕುವಾಗ ಮೊದಲು ಅದೇ ಅಳತೆಯ ಕಬ್ಬಿಣದ್ದನ್ನು ಹಾಕಿ ತೆಗೆದು ದಾರಿ ಮಾಡಿ, ಮೇಣ ಸವರಿ. ಇಲ್ಲದಿದ್ದರೆ ತಲೆ ಕೈಗೆ, ಮೈ ಕಟ್ಟಿಗೆಯೊಳಗೆ.

ಪಾಲಿಶ್ ಹೆಂಗ ಮಾಡಬೇಕ್ರಿ?

ಮೊದಲು ಇರುವುದು ಏನೆಂದು ತಿಳಿಯಿರಿ. ಹಿಂಬದಿಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ. ಒಂದು ನಿಮಿಷಕ್ಕೆ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ನಂತರದ ಕಾಲದ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಶ್.

ಅರಗಿನದಾದರೆ ನಿಮ್ಮ ಅದೃಷ್ಟ. ಟರ್ಪೆಂಟೈನ್ ಹಚ್ಚಿದ ಹತ್ತಿಯಿಂದ ಹಳೆಯ ಮೇಣ, ತಲೆಮಾರುಗಳ ಕೊಬ್ಬರಿ ಎಣ್ಣೆ ಮತ್ತು ಧೂಳಿನ ಜಿಗುಟು ತೆಗೆಯಿರಿ. ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಹತ್ತಿ ಬದಲಿಸುತ್ತಿರಿ. ಹೆಚ್ಚಿನ ಸಲ ಇಷ್ಟಕ್ಕೇ ಪೆಟ್ಟಿಗೆ ಮುಖ ತೊಳೆದಂತೆ ಕಾಣುತ್ತದೆ. ಪಾಲಿಶ್ ಬಿರುಕು ಬಿಟ್ಟಿದ್ದರೆ ಮೆತ್ತನೆಯ ಬ್ರಷ್ಷಿನಿಂದ ಸ್ಪಿರಿಟ್ ಒಂದೇ ದಿಕ್ಕಿಗೆ ಒಂದು ಸಲ ಎಳೆಯಿರಿ. ಹಳೆಯ ಅರಗೇ ಕರಗಿ ಬಿರುಕು ಕೂಡಿಕೊಳ್ಳುತ್ತದೆ. ಅದೇ ಜಾಗಕ್ಕೆ ತಿರುಗಿ ಹೋಗಬೇಡಿ, ಎದ್ದು ಬರುತ್ತದೆ.

ಹೊಸದು ಬೇಕೇ ಬೇಕೆಂದರೆ: 50 ಗ್ರಾಂ ಚಪಡಾ ಅರಗು (ತೆಳು ಚಕ್ಕೆಯ ಅರಗು), 250 ಮಿ.ಲೀ. ಸ್ಪಿರಿಟ್, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ, ನಡುನಡುವೆ ಅಲುಗಿಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಆರು ತಿಂಗಳು ದಾಟಿದ್ದನ್ನು ಬಳಸಬೇಡಿ, ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಒಳಗೆ ಹತ್ತಿ, ಹೊರಗೆ ಹಳೆಯ ಧೋತರದ ತುಂಡು ಕಟ್ಟಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಅರಗು ಕುಡಿಸಿ, ಹಿಂಡಿ, ತಳಕ್ಕೆ ಒಂದೇ ಹನಿ ಎಣ್ಣೆ ಸವರಿ ಸುತ್ತು ಸುತ್ತಾಗಿ ಎಳೆಯಿರಿ. ಉಂಡೆ ಕಟ್ಟಿಗೆಯ ಮೇಲೆ ನಿಲ್ಲಬಾರದು, ನಿಂತಲ್ಲಿ ಗಾಯ. ದಿನಕ್ಕೆ ಎಂಟು-ಹತ್ತು ಕೈ, ಒಂದು ದಿನ ಬಿಡುವು, ಹೀಗೆ ಮೂರು-ನಾಲ್ಕು ಸರತಿ. ಬೇಸಿಗೆಯಲ್ಲಿ ಒಂಬತ್ತರೊಳಗೇ ಮುಗಿಸಿ, ಹೊತ್ತೇರಿದರೆ ಸ್ಪಿರಿಟ್ ಆರಿ ಉಂಡೆ ಕಚ್ಚುತ್ತದೆ. ಮಳೆಯ ದಿನ ಕೆಲಸವೇ ಬೇಡ, ಗಾಳಿಯ ತೇವ ಸೇರಿ ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ಟಿನಲ್ಲಿ ವಿಷವಿರುತ್ತದೆ. ಕಿಟಕಿ ತೆರೆದಿರಲಿ, ದೇವರ ದೀಪ ದೂರವಿರಲಿ.

ಬಡಿಗ್ಯಾರು ಪಿ.ಯು. (ಪಾಲಿಯುರೆಥೇನ್ ಲೇಪ) ಹೊಡೀರಿ ಅಂತಾರ.

ಬಾಗಿಲಿಗೆ ಹೊಡೆಸಿ.

ಮಸಿ ಕಲೆ ಹೋಗ್ತಾವೇನು?

ಕಾಡಿಗೆಯ ಮಸಿಯಾದರೆ ಯಾವುದಕ್ಕೂ ಹೋಗುವುದಿಲ್ಲ. ಕಬ್ಬಿಣದ ಅಂಶದ ನೀಲಿಗಪ್ಪು ಮಸಿಯಾದರೆ ಆಕ್ಸಾಲಿಕ್ ಆಮ್ಲಕ್ಕೆ ತಿಳಿಯಾಗುತ್ತದೆ: 100 ಮಿ.ಲೀ. ಬೆಚ್ಚನೆ ನೀರಿಗೆ 5 ಗ್ರಾಂ, ಕಲೆಯ ಮೇಲಷ್ಟೇ, ಹತ್ತು ನಿಮಿಷ, ನಂತರ ಮೂರು ಸಲ ಶುದ್ಧ ನೀರಿನಿಂದ ಒರೆಸಬೇಕು. ವಿಷದ ವಸ್ತು, ಕೈಗವಸು ಬೇಕೇ ಬೇಕು, ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬಾರದು. ಹೊರಗಿನ ದೊಡ್ಡ ಕಲೆಗೆ ಇದು ಸರಿ. ದೌತಿಯ ಗೂಡಿನಲ್ಲಿ ಬಿದ್ದ ಮಸಿಯನ್ನೂ ತೊಳೆದರೆ, ಇದು ಬರೆಯುವ ಪೆಟ್ಟಿಗೆ ಎಂದು ಹೇಳಲು ಏನು ಉಳಿಯುತ್ತದೆ?

ಬರಿಯೂ ಜಾಗದ ಬಟ್ಟಿ ಹರದೈತಿ. ಯಾವ ಬಟ್ಟಿ ಹಾಕಬೇಕು?

ಮೂಲದಲ್ಲಿ ಸಾಮಾನ್ಯವಾಗಿ ಉಣ್ಣೆಯ ಬನಾತು, ಮಖಮಲ್ ಅಥವಾ ತೊಗಲು. ಅಂಚಿನ ಪಟ್ಟಿಯ ಕೆಳಗೆ ಹಳೆಯ ಬಣ್ಣದ ಎಳೆ ಸಿಕ್ಕೇ ಸಿಗುತ್ತದೆ, ಅದನ್ನು ನೋಡಿ ಆರಿಸಿ. ಗುಳೇದಗುಡ್ಡದ ಖಣ ಹಾಕುವವರಿದ್ದಾರೆ. ಡ್ರಾದ ತಳಕ್ಕೆ ಬಲು ಚಂದ, ಬರೆಯುವ ಜಾಗಕ್ಕಾದರೆ ಅದರ ನೇಯ್ಗೆಯ ಉಬ್ಬಿಗೆ ಟಾಕು ಸಿಕ್ಕಿಕೊಳ್ಳುತ್ತದೆ.

ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು. ಗಂಟಿಲ್ಲದೆ ಕಲಸಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವ ತನಕ ತಿರುವಿ, ಆರಿಸಿ. ಎರಡು ದಿನದೊಳಗೆ ಮುಗಿಸಬೇಕು. ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ತಾಮ್ರದ ಅಂಶ ಕಾಲಾಂತರದಲ್ಲಿ ಕಾಗದ, ಹತ್ತಿಬಟ್ಟೆಯನ್ನು ಪುಡಿಮಾಡುತ್ತದೆ, ಅದು ಬೇಡ. ಅಂಟನ್ನು ಬಟ್ಟೆಗಲ್ಲ, ಕಟ್ಟಿಗೆಗೆ ಹಚ್ಚಿ, ಐದು ನಿಮಿಷ ಬಿಟ್ಟು ಬಟ್ಟೆ ಹಾಸಿ. ಬೇಗ ಹಾಸಿದರೆ ಅಂಟು ಮೇಲಕ್ಕೆ ಒಸರಿ ಕಲೆ ಕೂರುತ್ತದೆ. ಸುತ್ತ ಒಂದು ಸೆಂ.ಮೀ. ಹೆಚ್ಚಿಗೆ ಇಟ್ಟು, ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ. ತೆರೆದಾಗ ಎರಡು ಹಲಗೆ ಕೂಡಿ ಬರೆಯುವ ಜಾಗವಾಗುವ ಪೆಟ್ಟಿಗೆಯಲ್ಲಿ ಎರಡಕ್ಕೂ ಸೇರಿ ಒಂದೇ ಬಟ್ಟೆಯಿದ್ದರೆ ಪೆಟ್ಟಿಗೆಯನ್ನು ಪೂರ್ತಿ ತೆರೆದಿಟ್ಟೇ ಅಂಟಿಸಿ. ಮಡಚಿದಾಗ ಅಳತೆ ಹಿಡಿದರೆ ತೆರೆದಾಗ ಹರಿಯುತ್ತದೆ.

ಕೀಲಿ ಕಳದೈತ್ರಿ. ಮುರದು ತಗೀಬಹುದಾ?

ಮೀಟಿದರೆ ಮುಂದಿನ ಅಂಚು ಸೀಳಿ ಬರುತ್ತದೆ, ಬೀಗ ಹಾಗೇ ಇರುತ್ತದೆ. ಕೀಲಿ ಮಾಡುವವರನ್ನು ಮನೆಗೆ ಕರೆಸಿ, ಖಾಲಿ ಕೀಲಿಗೆ ಮಸಿ ಹಿಡಿಸಿ ಗುರುತು ನೋಡಿ ಅರದಿಂದ ತಿಕ್ಕುವವರು ಬೇಕು. ತೆರೆದ ಮೇಲೆ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ, ಗೋಂದಾಗುತ್ತದೆ. 6ಬಿ ಪೆನ್ಸಿಲಿನ ಸೀಸದ ಪುಡಿ ಊದಿ.

ಕಳ್ಳ ಖಾನೆ ಇರ್ತೈತಂತ, ಖರೇನ?

ಹಲವದರಲ್ಲಿ ಇರುತ್ತದೆ. ಒಳಗಿನ ಆಳಕ್ಕೂ ಹೊರಗಿನ ಎತ್ತರಕ್ಕೂ ತಾಳೆ ಬೀಳದ ಕಡೆ ಹುಡುಕಿ. ಸಾಮಾನ್ಯವಾಗಿ ದೌತಿಯ ಗೂಡಿನ ಪಕ್ಕದ ತೆಳು ಹಲಗೆಯನ್ನು ಮೇಲೆತ್ತಿದರೆ ಇಲ್ಲವೇ ಒತ್ತಿದರೆ ಸ್ಪ್ರಿಂಗಿನಿಂದ ಹಾರಿ ಬರುತ್ತದೆ, ಹಿಂದೆ ಪುಟ್ಟ ಡ್ರಾಗಳು. ನೆಂದ ಪೆಟ್ಟಿಗೆಯಲ್ಲಿ ಇದು ಉಬ್ಬಿ ಕೂತಿರುತ್ತದೆ. ಒಣಗುವ ತನಕ ತಾಳಿ.

ಒಳಗೆ ಸಿಗುವ ಕಾಗದವನ್ನು ರದ್ದಿ ಎನ್ನಬೇಡಿ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗಿನ ದಫ್ತರ ಬಹಳಷ್ಟು ಮೋಡಿ ಲಿಪಿಯಲ್ಲಿದೆ (ಮರಾಠಿಯ ಹಳೆಯ ಕೂಡುಬರಹ), ಓದಲು ಬಾರದ್ದಕ್ಕೇ ಸುಟ್ಟವರಿದ್ದಾರೆ. ಡ್ರಾದ ತಳಕ್ಕೆ ಅಂಟಿಸಿದ ಹಳೆಯ ಪತ್ರಿಕೆಯ ಹಾಳೆಯನ್ನೂ ಕೀಳಬೇಡಿ, ಅದರ ತಾರೀಖಿನಿಂದ ಪೆಟ್ಟಿಗೆಯ ವಯಸ್ಸು ಅಂದಾಜಿಸಬಹುದು.

ಬಿಳೀ ಕುಸುರಿ ಐತಿ. ದಂತ ಏನ್ರಿ? ಮಾರಬಹುದಾ?

ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೆರೆ ಕಂಡರೆ ಎಲುಬು. ಒಂದನ್ನೊಂದು ಹಾಯುವ ಕಮಾನಿನ ಗೆರೆ ಕಂಡರೆ ಆನೆದಂತ. ದಂತವಾದರೆ ಎಷ್ಟೇ ಹಳೆಯದಿರಲಿ ಮಾರಾಟ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ, ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಉದುರಿದ ಚೂರಿನ ಜಾಗಕ್ಕೆ ಎಲುಬು ಅಥವಾ ಬಣ್ಣದ ಮೇಣ ತುಂಬಿ. ದಂತವಿಲ್ಲದಿದ್ದರೂ, ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯಿದೆಯ ಕೆಳಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಪುಣೆಯ ಅಣ್ಣ ಅಮೆರಿಕಕ್ಕೆ ಒಯ್ಯುತ್ತೇನೆಂದರೂ.

ರಿಪೇರಿ ಆದ ಮ್ಯಾಲ ಎಲ್ಲಿಡಬೇಕು?

ಹೊರಗೋಡೆಗೆ ತಾಗಿಸಿ ಅಲ್ಲ, ಎ.ಸಿ. ಕೆಳಗಲ್ಲ, ಪಶ್ಚಿಮದ ಕಿಟಕಿಯ ಎದುರಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕಡಲೆಕಾಳಿನಷ್ಟು ಜೇನುಮೇಣದ ಪಾಲಿಶ್ ಸಾಕು. ಮುಚ್ಚಳವನ್ನು ತಿಂಗಳಿಗೊಮ್ಮೆ ತೆರೆದು ಒಳಗೆ ಗಾಳಿಯಾಡಿಸಿ. ಕೀಲಿಯನ್ನು ಪೆಟ್ಟಿಗೆಯೊಳಗೆ ಇಡಬೇಡಿ.